ಕೂಗು ಬಿದ್ದ ಬೀದಿ

ಅರಕಲಗೂಡಿನ ನಮ್ಮ ಹೈಸ್ಕೂಲಿಗೆ ಈ ವರ್ಷ ಒಂದು ಇಂಗ್ಲಿಷ್ ನಿಘಂಟು ಬಂತು. ಬಂತು ಎನ್ನುವುದಕ್ಕಿಂತ ಗಾಡಿಯಲ್ಲಿ ಹೇರಿಕೊಂಡು ಬಂದರು ಎನ್ನುವುದು ಸರಿ. ತೀರಿಕೊಂಡ ವಕೀಲರೊಬ್ಬರ ಮನೆಯವರು ಅಟ್ಟ ಖಾಲಿ ಮಾಡುವಾಗ, ಒಲೆಗೆ ಹಾಕಲು ಮನಸ್ಸು ಬಾರದೆ, ಇಟ್ಟುಕೊಳ್ಳಲು ಜಾಗವೂ ಇಲ್ಲದೆ, ವಿದ್ಯಾದಾನವೆಂದು ಹೆಸರಿಟ್ಟು ನಮ್ಮ ಕಡೆ ಸಾಗಹಾಕಿದ ಎರಡು ಸಂಪುಟ. ಒಂದೊಂದೂ ಒರಳುಕಲ್ಲಿನಷ್ಟು ಭಾರ. ಗಡಿಯಾರಕ್ಕೆ ಕೀಲಿ ಕೊಡುವಾಗ ನಮ್ಮ ಜವಾನ ಎರಡನ್ನೂ ಒಂದರ ಮೇಲೊಂದಿಟ್ಟು ಹತ್ತಿ ನಿಲ್ಲುತ್ತಾನೆ. ಇಡೀ ಶಾಲೆಯಲ್ಲಿ ಆ ಪುಸ್ತಕದಿಂದ ಮೇಲೇರಿದವನು ಸದ್ಯಕ್ಕೆ ಅವನೊಬ್ಬನೇ.

ನಾನು ಈ ಶಾಲೆಯ ಇಂಗ್ಲಿಷ್ ಮೇಷ್ಟ್ರು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿದ್ದರೆ ಬಾಡಿಗೆ ಮನೆಯ ಬಾಗಿಲಿಗೆ ಅಗುಳಿ ಹಾಕಿಸುವ ಮೊದಲೇ ಹೆಸರಿನ ಹಲಗೆ ಬರೆಸುತ್ತಿರಲಿಲ್ಲ. ಹಲಗೆ ಬರೆದವನು ಅಳತೆ ನೋಡಿ, ಎಲ್ಲ ಹಿಡಿಸುವುದಿಲ್ಲವೆಂದು ತಲೆ ಕೆರೆದುಕೊಂಡು, "ಎಸ್ರು ಚಿಕ್ದು ಮಾಡ್ಲಾ ಸಾ, ಡಿಗ್ರಿ ಚಿಕ್ದು ಮಾಡ್ಲಾ?" ಎಂದು ಕೇಳಿದ. ಹೆಸರು ಎಂದೆ. ಈಗಲೂ ನಮ್ಮ ಮನೆ ಮುಂದೆ ಹಾದುಹೋಗುವವರು ಬಿ.ಎ. ಎಂಬ ಎರಡಕ್ಷರವನ್ನು ರಸ್ತೆಯ ಆಚೆಯಿಂದಲೇ ಓದಬಹುದು. ಯಾರ ಬಿ.ಎ. ಎಂದು ತಿಳಿಯಲು ಮಾತ್ರ ಹತ್ತಿರ ಬರಬೇಕು.

ನಿಘಂಟು ಬಂದ ಮಧ್ಯಾಹ್ನ ನನಗೆ ಒಂದು ಪಿರಿಯಡ್ ಬಿಡುವಿತ್ತು. ಕೆಲವರು ನಿಘಂಟು ಸಿಕ್ಕರೆ ಎಲ್ಲೋ ಒಂದು ಕಡೆ ತೆರೆದು ಓದುತ್ತಾರಂತೆ. ನಾನು ಹಾಗೆ ಮಾಡಲಿಲ್ಲ. ಮೊದಲ ಸಂಪುಟವನ್ನು ಎಳೆದುಕೊಂಡು ನೇರವಾಗಿ ಒಂದು ಶಬ್ದಕ್ಕೆ ಹೋದೆ. ಹನ್ನೆರಡು ವರ್ಷದಿಂದ ಆ ಶಬ್ದ ನನ್ನ ಅಂಗಾಲಿನಲ್ಲಿ ಮುಳ್ಳಿನ ತುದಿಯ ಹಾಗೆ ಉಳಿದಿತ್ತು. ಫಿಶ್‌ವೈಫ್.

ನಿಘಂಟಿನವರು ಸಾವಧಾನದ ಜನ. ಮೊದಲು ಹುಟ್ಟು ಹೇಳುತ್ತಾರೆ, ಆಮೇಲೆ ಬಾಳು, ಕೊನೆಗೆ ಮರ್ಯಾದೆ ಹೋದ ಕಥೆ. ಹುಟ್ಟು ಹೀಗೆ: ಹಳೆಯ ಇಂಗ್ಲಿಷಿನಲ್ಲಿ ವೈಫ್ ಎಂದರೆ ಹೆಂಡತಿ ಎಂದೇ ಅಲ್ಲ, ಬರೀ ಹೆಂಗಸು. ಮದುವೆಯಾದವಳೋ ಆಗದವಳೋ ಗಂಡ ಸತ್ತವಳೋ, ಯಾರಾದರೂ ಸರಿ. ಸೂಲಗಿತ್ತಿಗೆ ಮಿಡ್‌ವೈಫ್ ಎನ್ನುತ್ತಾರಲ್ಲ, ಅಲ್ಲಿ ಕೂತಿರುವವಳೂ ಅವಳೇ. ಐನೂರು ವರ್ಷದ ಹಿಂದೆಯೋ ಅದಕ್ಕೂ ಮೊದಲೋ, ಮೀನು ಮಾರಿ ಬದುಕುವ ಹೆಂಗಸನ್ನು ಕರೆಯಲು ಯಾರೋ ಮೀನಿನ ಪಕ್ಕಕ್ಕೆ ಹೆಂಗಸನ್ನು ತಂದು ನಿಲ್ಲಿಸಿದರು. ಬೈಗುಳವಲ್ಲ, ಕುಹಕವಲ್ಲ. ಬಡಗಿ, ಕುಂಬಾರ ಎಂದಂತೆ ಒಂದು ಕಸುಬಿನ ಹೆಸರು. ಎರಡನೆಯ ಅರ್ಥ ಅದರ ಕೆಳಗೆ, ಬಹಳ ತಡವಾಗಿ ಬಂದದ್ದು: ಬಾಯಿಬಡುಕಿ, ಹೊಲಸು ಮಾತಿನವಳು. ಮೊದಲನೆಯದು ಎರಡನೆಯದಾಗಿ ಹೇಗೆ ಕೆಟ್ಟಿತು ಎಂದು ನಿಘಂಟು ಹೇಳುವುದಿಲ್ಲ. ಆದರೆ ಉದಾಹರಣೆಗೆ ಕೊಟ್ಟ ಸಾಲುಗಳನ್ನು ಓದಿದೆ. ಬರೆದವರೆಲ್ಲ ಗಂಡಸರು. ಒಬ್ಬನಾದರೂ ಬುಟ್ಟಿ ಹೊತ್ತವನಂತೆ ಕಾಣಲಿಲ್ಲ.

ಇಷ್ಟು ಓದಿ ನಾನು ಪುಸ್ತಕ ಮುಚ್ಚಿಬಿಟ್ಟೆ. ಕಾರಣ ಹೇಳುತ್ತೇನೆ. ನನ್ನ ಅವ್ವ ಮೀನು ಮಾರುತ್ತಿದ್ದವಳು.

ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ನಮ್ಮದು ಬೆಸ್ತರ ಕೇರಿ. ಅಪ್ಪ ಬಲೆ ಬೀಸುವವನು. ಅವನು ದಿನಕ್ಕೆ ಹತ್ತು ಮಾತು ಆಡಿದ್ದನ್ನು ನಾನು ನೋಡಿಲ್ಲ. ಮಾತಾಡಿದರೆ ಮೀನು ಚದುರುತ್ತದೆ ಎಂಬ ಹೊಳೆಯ ಶಿಸ್ತನ್ನು ಅವನು ಮನೆಗೂ ತಂದುಕೊಂಡಿದ್ದ. ಅವ್ವನದು ತದ್ವಿರುದ್ಧ. ಅವಳ ಕೆಲಸ ಶುರುವಾಗುತ್ತಿದ್ದುದೇ ಬಾಯಿ ತೆರೆದಾಗ. ನಮ್ಮ ಮನೆಯಲ್ಲಿ ಮೌನ ಅಪ್ಪನ ಕಸುಬು, ದನಿ ಅವ್ವನ ಕಸುಬು. ಎರಡೂ ಸೇರಿದರೆ ಮುದ್ದೆ.

ಮೀನಿನ ವಾಸನೆಯ ಬಗ್ಗೆ ನಿಮಗೆ ಏನೇನೋ ಅನಿಸಬಹುದು. ನನಗೆ ಅದು ಒದ್ದೆ ಗೋಣಿತಾಟಿನ ವಾಸನೆ. ಬುಟ್ಟಿಗೆ ಹಸಿ ಹುಲ್ಲು ಹಾಸಿ, ಮೀನು ಜೋಡಿಸಿ, ಮೇಲೆ ಗೋಣಿತಾಟು ಹೊದಿಸಿ ನೀರು ಚಿಮುಕಿಸುತ್ತಿದ್ದಳು. ಅವಳ ಸೆರಗು, ಅವಳ ಅಂಗೈ, ಅವಳು ಬಡಿಸಿದ ಅನ್ನ, ಎಲ್ಲವೂ ಅದೇ. ಕಾಪಿ ಪುಸ್ತಕದ ಹಾಳೆಗಳ ನಡುವೆ ಒಂದೆರಡು ಮೀನಿನ ಹುರುಪೆ ಸಿಕ್ಕಿಕೊಂಡಿರುತ್ತಿದ್ದವು. ಒಣಗಿದ ಮೇಲೆ ಅಭ್ರಕದ ಹಾಗೆ ಹೊಳೆಯುತ್ತಿದ್ದವು. ಮಿಡ್ಲ್ ಸ್ಕೂಲಿನ ಮೇಷ್ಟ್ರು ಪುಸ್ತಕವನ್ನು ಬೆರಳ ತುದಿಯಲ್ಲಿ ಹಿಡಿದು ತಿದ್ದುತ್ತಿದ್ದರು. ಅಂಕ ಮಾತ್ರ ಕಡಿಮೆ ಮಾಡುತ್ತಿರಲಿಲ್ಲ, ಅದು ಅವರ ದೊಡ್ಡತನ.

ಭಾನುವಾರ, ಬುಧವಾರ ಬೆಳಗಿನ ರೈಲಿಗೆ ಅವ್ವ ಹಾಸನಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಒಂದು ಬೀದಿಯಿತ್ತು. ಅವಳಿಗೆ ಬೀದಿಯಿತ್ತು ಎಂದರೆ ಮನೆಯಿತ್ತು ಎಂದಲ್ಲ. ನಮ್ಮ ಹೆಂಗಸರಲ್ಲಿ ಬೀದಿಗಳು ಅತ್ತೆಯಿಂದ ಸೊಸೆಗೆ ಬರುತ್ತಿದ್ದವು, ಓಲೆ ಬುಗುಡಿಯ ಹಾಗೆ. ಅದಕ್ಕೆ ಪತ್ರವಿಲ್ಲ, ಪಂಚಾಯ್ತಿಯಿಲ್ಲ. ಕೂಗೇ ಪತ್ರ. ಒಬ್ಬೊಬ್ಬಳಿಗೂ ಒಂದೊಂದು ಕೂಗು. ಆ ಕೂಗು ಕೇಳಿದರೆ ಬೀದಿಯವರು ಪಾತ್ರೆ ಹಿಡಿದು ಬರುತ್ತಾರೆ. ಬೇರೆಯವಳು ಬಂದು ಕೂಗಿದರೆ ಬಾಗಿಲು ತೆರೆಯುವುದಿಲ್ಲ. ಅವ್ವ ಮದುವೆಯಾಗಿ ಬಂದ ವರ್ಷ ಅಜ್ಜಿ ಅವಳನ್ನು ಆ ಬೀದಿಗೆ ಕರೆದೊಯ್ದು, ಕೂಗಿನ ಮೊದಲರ್ಧ ತಾನು ಕೂಗಿ ಉಳಿದರ್ಧ ಸೊಸೆಯ ಕೈಲಿ ಕೂಗಿಸುತ್ತಿದ್ದಳಂತೆ. ಒಂದು ಬೇಸಿಗೆ ಪೂರ್ತಿ ಹೀಗೆ. ಕೊನೆಗೊಂದು ದಿನ ಅಜ್ಜಿ ಬಾಯಿ ತೆರೆಯಲಿಲ್ಲ, ಸೊಸೆ ಪೂರಾ ಕೂಗಿದಳು, ಬಾಗಿಲುಗಳು ತೆರೆದವು. ಅಲ್ಲಿಗೆ ಬೀದಿ ಅವ್ವನದಾಯಿತು. ಇದನ್ನು ನಾವು ಕೂಗು ಬಿದ್ದ ಬೀದಿ ಎನ್ನುತ್ತಿದ್ದೆವು.

ಇದಕ್ಕೆ ಒಂದು ಕಟ್ಟೂ ಇತ್ತು. ಮೂರು ಭಾನುವಾರ ಸಾಲಾಗಿ ಕೂಗು ಬೀಳದಿದ್ದರೆ ಬೀದಿ ಬರಿದಾಯಿತೆಂದು ಲೆಕ್ಕ. ಆಮೇಲೆ ಯಾರು ಬೇಕಾದರೂ ಬಂದು ಕೂಗಬಹುದು. ಹೆತ್ತ ಹೆಂಗಸರು ಹಸಿ ಬಾಣಂತಿಯರಾಗಿ, ಕಿವಿಗೆ ಬಟ್ಟೆ ಸುತ್ತಿಕೊಂಡು, ಮೂರನೆಯ ಭಾನುವಾರ ಬೀದಿಗೆ ಹೋಗಿ ಕೂಗಿ ಬಂದದ್ದನ್ನು ನಾನೇ ಕಂಡಿದ್ದೇನೆ. ನಾನು ಹುಟ್ಟಿದಾಗ ಅವ್ವನೂ ಹಾಗೇ ಹೋಗಿದ್ದಳಂತೆ.

ಅವ್ವನ ದನಿ ದೊಡ್ಡದು. ಯಾಕೆ ದೊಡ್ಡದು ಎಂಬುದು ನಿಘಂಟಿನಲ್ಲಿಲ್ಲ, ನಾನು ಹೇಳುತ್ತೇನೆ. ಆ ಬೀದಿಯ ಮೊದಲ ನಾಲ್ಕು ಮನೆಗಳು ಮೀನು ತಿನ್ನದವರವು. ಬುಟ್ಟಿ ಅವರ ಬಾಗಿಲ ಮುಂದೆ ಹಾಯಬಾರದೆಂದು ಅಜ್ಜಿಯ ಕಾಲದಲ್ಲೇ ತೀರ್ಮಾನವಾಗಿತ್ತು. ಹಾಗಾಗಿ ಬೀದಿಯ ತಲೆಯಲ್ಲಿ, ಮೋರಿಯ ಕಟ್ಟೆಯ ಹತ್ತಿರ ಬುಟ್ಟಿ ಇಳಿಸಬೇಕು. ಕೊಳ್ಳುವವರ ಮನೆ ಐದನೆಯದರಿಂದ ಶುರುವಾಗಿ ಹದಿನೇಳನೆಯದಕ್ಕೆ ಮುಗಿಯುತ್ತದೆ. ಹದಿನೇಳನೆಯ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿರುವ ಹೆಂಗಸಿಗೆ ಮೋರಿಯ ಹತ್ತಿರದಿಂದ ಕೇಳಿಸಬೇಕಾದರೆ ಎಷ್ಟು ದನಿ ಬೇಕೋ ಅಷ್ಟು ದನಿ ಅವ್ವನಿಗಿತ್ತು. ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ. ದೂರ ನಿಲ್ಲಿಸಿದವರೇ, ಇವಳೇನು ಹೀಗೆ ಅರಚುತ್ತಾಳೆ ಎನ್ನುತ್ತಿದ್ದರು.

ನಾನು ಇಂಟರ್ಮೀಡಿಯೆಟ್ ಓದಲು ಹಾಸನ ಸೇರಿದಾಗ ರೂಮು ಸಿಕ್ಕಿದ್ದು ಅದೇ ಬೀದಿಯಲ್ಲಿ, ಮೂರನೆಯ ಮನೆಯ ಬೀದಿಬದಿಯ ಕೋಣೆ. ಊರಲ್ಲಿ ಇಷ್ಟೊಂದು ಬೀದಿ ಇರುವಾಗ ಅದೇ ಏಕೆ ಎಂದರೆ, ಮನೆ ಹುಡುಕಿಕೊಟ್ಟ ಸಹಪಾಠಿಗೆ ಅಲ್ಲಿ ಪರಿಚಯವಿತ್ತು. ಅವನು ರುದ್ರಪಟ್ಟಣದವನು, ಹಾಡುವವನು. ನನ್ನ ಜಾತಿ ಅವನು ಕೇಳಲಿಲ್ಲ. ಮನೆಯ ಯಜಮಾನರು ಕೇಳಿದರು. ನಾನು ಒಕ್ಕಲು ಮಕ್ಕಳು ಎಂದುಬಿಟ್ಟೆ. ಅಪ್ಪನಿಗೆ ಹೊಳೆಯ ಪಕ್ಕ ಎರಡು ಗುಂಟೆ ಜಾಗವಿದ್ದುದರಿಂದ ಪೂರಾ ಸುಳ್ಳಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಎರಡು ಗುಂಟೆಯಲ್ಲಿ ಬೆಳೆಯುತ್ತಿದ್ದುದು ಜೊಂಡು.

ಅವ್ವನಿಗೆ ಎಲ್ಲ ಮೊದಲೇ ಹೇಳಿದ್ದೆ. ರೂಮಿಗೆ ಬರಬೇಡ, ಸ್ಟೇಷನ್ನಿನ ಹತ್ತಿರ ಹೊಂಗೆಮರದ ಕೆಳಗೆ ನಾನೇ ಬಂದು ಕಾಣುತ್ತೇನೆ. ಅವಳು ಒಪ್ಪಿದಳು. ಆದರೆ ಕೂಗಿನ ಕೊನೆಗೆ ಒಂದು ಎಳೆ ಹೊಸದಾಗಿ ಸೇರಿಸಿದಳು. "ವೊಳೇ ಮೀನೋ... ಗೆಂಡೇ ಮೀನೋ..." ಎಂದು ಮೊದಲಿನ ಹಾಗೇ ಕೂಗಿ, ಕೊನೆಯ ಓಕಾರವನ್ನು ಮೇಲಕ್ಕೊಯ್ದು ಅಲ್ಲೇ ಒಂದು ಗಳಿಗೆ ನಿಲ್ಲಿಸುತ್ತಿದ್ದಳು. ಅದು ನನಗಾಗಿ. ನಾನು ಬಂದಿದ್ದೇನೆ ಮಗ, ಬುತ್ತಿ ತಂದಿದ್ದೇನೆ ಎಂದು ಅದರ ಅರ್ಥ. ಬೀದಿಯವರಿಗೆ ಅದು ಬರೀ ಮೀನು.

ನನ್ನ ಕೋಣೆಯಲ್ಲೇ ಇದ್ದ ರುದ್ರಪಟ್ಟಣದ ಗೆಳೆಯ ಬೆಳಗಿನ ಜಾವಕ್ಕೇ ಎದ್ದು ಸಾಧಕ ಮಾಡುತ್ತಿದ್ದ. ಬೀದಿಯ ಎರಡೂ ತುದಿಗೆ ಕೇಳಿಸುತ್ತಿತ್ತು. ಯಾರೂ ಒಂದು ಮಾತು ಆಡಿದವರಲ್ಲ. ಮೊದಲ ಮನೆಯ ಅಜ್ಜಿ ಕಲ್ಲುಸಕ್ಕರೆ ಕಳಿಸುತ್ತಿದ್ದರು. ಅವ್ವನ ಕೂಗನ್ನು ಮೆಚ್ಚಿಕೊಂಡ ಒಬ್ಬನೇ ಒಬ್ಬ ಮನುಷ್ಯ ಆ ಬೀದಿಯಲ್ಲಿ ಇವನು, ಮೀನು ಎಂದರೆ ಮೂಗು ಮುಚ್ಚಿಕೊಳ್ಳುವವನು. ಒಂದು ಭಾನುವಾರ ತಂಬೂರಿ ಶ್ರುತಿ ಮಾಡುತ್ತಿದ್ದವನು ಕೈ ನಿಲ್ಲಿಸಿ ಹೇಳಿದ, "ಆ ಹೆಂಗಸಿನ ಮೇಲಿನ ಷಡ್ಜ ಕೇಳೋ. ನಿಂತ ಕಡೆ ನಿಂತಿದೆ, ಅಲ್ಲಾಡೋದೇ ಇಲ್ಲ. ನಾನು ನಾಲ್ಕು ವರ್ಷದಿಂದ ಒದ್ದಾಡ್ತಿದೀನಿ." ನಾನು ಆಗಲೇ ಹೇಳಬಹುದಿತ್ತು, ಅವಳು ನನ್ನ ಅವ್ವ ಎಂದು. ಅಷ್ಟು ಒಳ್ಳೆಯ ಸಂದರ್ಭ ಯಾರಿಗೂ ಸಿಗುವುದಿಲ್ಲ. ಲಾಜಿಕ್ ಪುಸ್ತಕದ ಹಾಳೆ ತಿರುವಿದೆ.

ಎರಡನೆಯ ವರ್ಷದ ಕೊನೆಯ ತಿಂಗಳುಗಳಲ್ಲಿ ಕಾಲೇಜಿನಲ್ಲಿ ಆ ಶಬ್ದ ಬಂತು. ಇಂಗ್ಲಿಷ್ ಪಾಠದ ಯಾವುದೋ ಸಾಲಿನ ಮಧ್ಯೆ ಬಂತು. ನಮ್ಮ ಲೆಕ್ಚರರು ನಿಜಕ್ಕೂ ಒಳ್ಳೆಯವರು, ನನಗೆ ತಮ್ಮ ಹಳೆಯ ವ್ಯಾಕರಣದ ಪುಸ್ತಕ ಕೊಟ್ಟವರು. ಅವರು ಶಬ್ದದ ಅರ್ಥವನ್ನು ಎರಡನೆಯದರಿಂದಲೇ ಶುರು ಮಾಡಿದರು: ಗಯ್ಯಾಳಿ, ಬಜಾರಿ. ಹುಡುಗರಿಗೆ ಅರ್ಥವಾಗಲೆಂದು ಶಾಲು ತಲೆಗೆ ಸಿಂಬಿ ಸುತ್ತಿಕೊಂಡು, ಸೊಂಟಕ್ಕೆ ಕೈಯಿಟ್ಟು, ನಮ್ಮೂರ ಮೀನಿನವಳ ಹಾಗೆ ಒಂದು ಕೂಗು ಕೂಗಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಪಕ್ಕದವನಿಗಿಂತ ಜೋರಾಗಿ ನಕ್ಕೆ. ನಗದೆ ಇರುವವನ ಮುಖವನ್ನು ಯಾರಾದರೂ ನೋಡಿಯಾರು ಎಂಬ ಭಯ. ನೋಟ್ ಪುಸ್ತಕದಲ್ಲಿ ಶಬ್ದ ಬರೆದು, ಮುಂದೆ ಅಚ್ಚುಕಟ್ಟಾಗಿ ಬಜಾರಿ ಎಂದು ಬರೆದುಕೊಂಡೆ. ಪರೀಕ್ಷೆಗೂ ಬಂತು. ಪೂರ್ತಿ ಅಂಕ ಸಿಕ್ಕಿತು.

ಅದರ ಮುಂದಿನ ಭಾನುವಾರ ಅವ್ವ ಮೋರಿಯ ಹತ್ತಿರ ನಿಂತು ಕೂಗಿದಾಗ ನನಗೆ ಅವ್ವ ಕೇಳಿಸಲಿಲ್ಲ, ಲೆಕ್ಚರರ ಅಣಕ ಕೇಳಿಸಿತು. ಕಾಲೇಜಿನ ಇಬ್ಬರು ಹುಡುಗರು ನೋಟ್ಸಿಗೆಂದು ರೂಮಿಗೆ ಬಂದಿದ್ದರು. ಒಬ್ಬ ಕಿಟಕಿಗೆ ಹೋಗಿ ಇಣುಕಿ, ನೋಡ್ರೋ ಮೇಷ್ಟ್ರ ಪಾಠ ನಡ್ಕೊಂಡು ಬಂದಿದೆ ಎಂದ. ಮತ್ತೆ ನಗು. ಆ ದಿನ ಅವ್ವ ಕೊನೆಯ ಎಳೆಯನ್ನು ಎಂದಿಗಿಂತ ಹೆಚ್ಚು ಹೊತ್ತು ನಿಲ್ಲಿಸಿದಳು. ಮನೆಯಲ್ಲಿ ಕಡುಬು ಮಾಡಿ ತಂದಿದ್ದಳು ಎಂದು ಆಮೇಲೆ ಗೊತ್ತಾಯಿತು.

ಹೊಂಗೆಮರದ ಕೆಳಗೆ ಕಡುಬು ತಿಂದು ಕೈ ತೊಳೆದುಕೊಂಡೆ. ತಿನ್ನುವ ಮೊದಲೇ ಹೇಳಬಹುದಿತ್ತು, ತಿಂದೇ ಹೇಳಿದೆ.

"ಅವ್ವ, ಆ ಬೀದೀಲಿ ಕೂಗ್ಬೇಡ."

"ಕೂಗ್ದಿದ್ರೆ ನಾನ್ ಬಂದಿವ್ನಿ ಅಂತ ಅವ್ರಿಗೆ ಎಂಗ್ಲಾ ಗೊತ್ತಾಗ್ಬೇಕು?"

"ಸುಮ್ನೆ ನಿಂತ್ಕೊ. ಬೇಕಾದೋರು ಬತ್ತಾರೆ."

ಅವಳು ಬುತ್ತಿಯ ಬಟ್ಟೆಯನ್ನು ಮಡಿಸಿದಳು. ಬಿಚ್ಚಿ ಮತ್ತೆ ಮಡಿಸಿದಳು. "ನನ್ ಗಂಟ್ಲು ನಿಂಗೆ ನಾಚ್ಕೆ ಆಯ್ತದಾ ಮಗ?" ಎಂದು ಕೇಳಿದಳು. ಕೋಪದಿಂದಲ್ಲ, ಜ್ವರ ಇದೆಯಾ ಎಂದು ಕೇಳುವ ಹಾಗೆ.

ನಾನು ರೈಲಿನ ಹೊತ್ತಾಯಿತು ಎಂದೆ.

"ಓದೋನು ನೀನು. ಆಗ್ಲಿ, ನೀನ್ ಯೋಳ್ದಂಗೇ ಮಾಡ್ತೀನಿ," ಎಂದು ಬುಟ್ಟಿ ಎತ್ತಿಕೊಂಡಳು.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಇಷ್ಟರವರೆಗೆ ಈ ಕಥೆಯನ್ನು ಒಬ್ಬಿಬ್ಬರು ಸ್ನೇಹಿತರಿಗೆ ಹೇಳಿದ್ದೇನೆ. ಹೇಳುವಾಗೆಲ್ಲ, ಮೂರು ಭಾನುವಾರದ ಕಟ್ಟು ನನಗೆ ಆಗ ನೆನಪಾಗಲಿಲ್ಲ, ಹುಡುಗಬುದ್ಧಿ ಎಂದು ಸೇರಿಸುತ್ತಿದ್ದೆ. ಅದು ಸುಳ್ಳು. ನಮ್ಮ ಕೇರಿಯಲ್ಲಿ ವಾರಕ್ಕೊಂದು ಜಗಳ ಆಗುತ್ತಿದ್ದುದೇ ಆ ಕಟ್ಟಿನ ಮೇಲೆ. ನನಗೆ ಮಗ್ಗಿಗಿಂತ ಮೊದಲು ಬಂದದ್ದು ಅದು. ಗೊತ್ತಿದ್ದೇ ಹೇಳಿದೆ.

ಮೊದಲ ಭಾನುವಾರ ಅವ್ವ ಮೋರಿಯ ಹತ್ತಿರ ಸುಮ್ಮನೆ ನಿಂತಳು. ನಾನು ಕಿಟಕಿಯಿಂದ ನೋಡಿದೆ. ಮೂರು ಜನ, ನೀರಿಗೆ ಹೊರಟವರು, ಕಂಡು ಕೊಂಡರು. ಐದನೆಯ ಮನೆಯಾಕೆ ಬಂದು, ಯಾಕೆ ಗಂಟಲು ಕೆಟ್ಟಿದೆಯಾ ಎಂದು ಕೇಳಿ ತುಳಸಿ ಕಷಾಯ ಕುಡಿಯಲು ಹೇಳಿದಳಂತೆ. ಎರಡನೆಯ ಭಾನುವಾರ ಬಿಸಿಲು ಏರುವವರೆಗೂ ನಿಂತಿದ್ದಳು. ಮೀನು ಬಿಸಿಲನ್ನು ತಾಳುವ ಪದಾರ್ಥವಲ್ಲ. ತಾಟಿಗೆ ನೀರು ಚಿಮುಕಿಸುತ್ತಲೇ ಇದ್ದಳು, ಆಗಾಗ ತುಟಿ ಬಿಚ್ಚಿ ಮುಚ್ಚುತ್ತಿದ್ದಳು. ಮೂರನೆಯ ಭಾನುವಾರ ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ನಾಲ್ಕನೆಯ ಭಾನುವಾರ ಬೇರೊಂದು ದನಿ ಕೇಳಿಸಿತು. ಗೊರೂರಿನ ಕಡೆಯ ಒಬ್ಬಳು. ಅವ್ವ ಬುಟ್ಟಿ ಎತ್ತಿ ನಡೆದಳಂತೆ. ಕಟ್ಟು ಕಟ್ಟೇ.

ಆಮೇಲೆ ಅವಳು ಚನ್ನರಾಯಪಟ್ಟಣದ ಸಂತೆಗೆ ಹೋಗಲು ನೋಡಿದಳು. ಅಲ್ಲಿಗೆ ರೈಲಿಲ್ಲ. ಬಸ್ಸಿನವನು ಬುಟ್ಟಿಯನ್ನು ಟಾಪಿನ ಮೇಲೆ ಹಾಕಿಸುತ್ತಿದ್ದ, ಇಳಿಯುವಷ್ಟರಲ್ಲಿ ಮೀನು ಬೆಂದಿರುತ್ತಿತ್ತು. ಎರಡು ತಿಂಗಳು ಒದ್ದಾಡಿ ಬಿಟ್ಟಳು. ಅಪ್ಪ ಹಿಡಿದದ್ದನ್ನು ಊರಲ್ಲೇ ಬಂದಷ್ಟಕ್ಕೆ ಕೊಟ್ಟು, ಹಂಗಾಮಿನಲ್ಲಿ ರಾಮನಾಥಪುರಕ್ಕೆ ಹೊಗೆಸೊಪ್ಪಿನ ಕೂಲಿಗೆ ಹೋಗತೊಡಗಿದಳು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿಕೊಡುವ ಕೆಲಸ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎಂಬ ಬೆಂಕಿಮನೆಯೊಳಗೆ ಏರಿಸಿ ಬೇಯಿಸುತ್ತಾರೆ. ಬೆರಳಿಗೆಲ್ಲ ಕಪ್ಪು ಅಂಟು. ಒಳಗಿನ ಘಾಟು ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ನಾನು ಮೈಸೂರಿನಲ್ಲಿ ಬಿ.ಎ. ಓದಿದ ಎರಡು ವರ್ಷದ ಅನ್ನ ಆ ಕಪ್ಪು ಬೆರಳುಗಳದ್ದು. ಆ ಎರಡು ವರ್ಷದಲ್ಲೇ ಅಪ್ಪನೂ ಹೋದ, ಬದುಕಿದ್ದಾಗಿನಷ್ಟೇ ಸದ್ದಿಲ್ಲದೆ. ನನ್ನ ಡಿಗ್ರಿ ಕೈಗೆ ಬರುವ ಹೊತ್ತಿಗೆ ಅವ್ವನ ದನಿ ಪಕ್ಕದ ಕೋಣೆಗೂ ಕೇಳದಷ್ಟು ಒಡೆದಿತ್ತು. ಈಗ ನನ್ನ ಜೊತೆ ಅರಕಲಗೂಡಿನಲ್ಲಿದ್ದಾಳೆ. ನೆರೆಯವರು ಹೇಳುವುದುಂಟು: ಮೇಷ್ಟ್ರ ತಾಯಿ ಎಂಥ ಸಾಧು, ಅವರ ಸ್ವರವೇ ಆಚೆ ಬರುವುದಿಲ್ಲ.

ನಿಘಂಟು ನೋಡಿದ ದಿನ ಸಂಜೆ ನಾನು ಮನೆಗೆ ಬಂದವನೇ ಅವ್ವನ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಇಂಗ್ಲಿಷಿನವರಲ್ಲೂ ಮೀನು ಮಾರುವ ಹೆಂಗಸರಿಗೆ ಒಂದು ಹೆಸರಿದೆ, ಅದು ಬಹಳ ಹಳೆಯದು, ಮೊದಲು ಅದರಲ್ಲಿ ಏನೂ ಕೆಟ್ಟದ್ದಿರಲಿಲ್ಲ, ಹೆಂಗಸು ಎಂದು ಮಾತ್ರ ಇತ್ತು ಎಂದೆ. ಒಂದು ಬಗೆಯ ಕ್ಷಮಾಪಣೆ ಅದು. ನೇರವಾಗಿ ಕೇಳಲು ಬಾಯಿ ಬರದೆ ಇಂಗ್ಲಿಷಿನ ಮೇಲೆ ಹೊರಿಸಿ ಕೇಳಿದ್ದು. ಅವ್ವ ಅಕ್ಕಿ ಆರಿಸುತ್ತಾ ಪೂರಾ ಕೇಳಿಸಿಕೊಂಡಳು.

"ಮೀನ್ ಮಾರೋಳು ಎಂಗ್ಸು ಅನ್ನಾಕೆ ಅಷ್ಟ್ ದಪ್ಪ ಪುಸ್ತುಕ ಬೇಕಾಯ್ತೇನ್ಲಾ?" ಎಂದಳು.

ಅಷ್ಟಕ್ಕೆ ಮುಗಿಸಿದ್ದರೆ ಈ ಬರಹ ಸ್ವಲ್ಪ ಹಿತವಾಗಿರುತ್ತಿತ್ತು. ನಾನೂ ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆದರೆ ಹೋದ ತಿಂಗಳು ಇಲಾಖೆಯ ಕೆಲಸಕ್ಕೆ ಹಾಸನಕ್ಕೆ ಹೋದವನು ಶನಿವಾರ ಕೆಲಸ ಮುಗಿಯದೆ ಉಳಿದುಕೊಂಡೆ. ಭಾನುವಾರ ಬೆಳಿಗ್ಗೆ ಕಾಲು ತಾನಾಗಿ ಆ ಬೀದಿಯ ಕಡೆ ಹೋಯಿತು. ಎದೆ ಉಬ್ಬಿಸಿಕೊಂಡೇ ಹೋದೆ ಅನ್ನಿ. ಶಬ್ದದ ಹುಟ್ಟು ತಿಳಿದವನು, ಇನ್ನು ನನಗೆ ಯಾರ ಅಣಕವೂ ತಾಗದು ಎಂಬ ಭ್ರಮೆ. ಮೋರಿ ಅಲ್ಲೇ ಇತ್ತು, ಕಟ್ಟೆಗೆ ಸಿಮೆಂಟು ಬಿದ್ದಿತ್ತು.

ಆಗ ಕೂಗು ಕೇಳಿಸಿತು. "ವೊಳೇ ಮೀನೋ... ಗೆಂಡೇ ಮೀನೋ..." ಎಂದು ಬಂದು, ಕೊನೆಯ ಓಕಾರ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ನನ್ನ ಎಳೆ. ನನ್ನನ್ನು ಬುತ್ತಿಗೆ ಕರೆಯಲು ಅವ್ವ ಸೇರಿಸಿದ್ದು.

ಗೊರೂರಿನ ಕಡೆಯ ಅದೇ ಹೆಂಗಸು. ವಯಸ್ಸು ನಲವತ್ತರ ಮೇಲೆ. ನನ್ನ ಕೋಟು ನೋಡಿ ಎದ್ದು ನಿಂತು, ಬನ್ನಿ ಸಾ, ಈಗ್ ಇಡ್ದಿರೋದು ಎಂದು ತಾಟು ಎತ್ತಿದಳು. ನಾನು ಮೀನು ನೋಡದೆ, ಈ ಕೂಗು ಎಲ್ಲಿ ಕಲಿತೆಯಮ್ಮ ಎಂದು ಕೇಳಿದೆ. ಅವಳಿಗೆ ನಗು ಬಂತು.

"ಕಲಿಯಾದೇನ್ ಬಂತು ಸಾ. ಈ ಬೀದೀದೇ ಇದು. ನನ್ ಕೂಗು ಕೂಗುದ್ರೆ ಬಾಗ್ಲೇ ತಗೀತಿರ್ಲಿಲ್ಲ, ಆರ್ ತಿಂಗ್ಳು ನೋಡ್ದೆ. ಆಮ್ಯಾಕೆ ಇದ್ನೇ ಇಡ್ದೆ. ಇದ್ಕೆ ಮುಂಚೆ ನರಸೀಪುರದೋಳು ಒಬ್ಬಾಕೆ ಇದ್ಲು. ಏನ್ ಗಂಟ್ಲು ಅಂತೀರಿ, ನಾನೇ ಕೇಳಿವ್ನಿ. ಅವಳ ಮಗ ಕಾಲೇಜ್ ಓದ್ದೋನು, ಅವ್ನೇ ಬಾಯ್ ಕಟ್ಟಾಕ್ಬುಟ್ನಂತೆ."

ಹಾಗೆಂದು ಯಾರು ಹೇಳಿದರು ಎಂದು ಕೇಳಲು ಹೋಗಲಿಲ್ಲ. ನಮ್ಮವರಲ್ಲಿ ಸುದ್ದಿಗೆ ರೈಲು ಬೇಕಿಲ್ಲ. ಅವಳೇ ಮುಂದುವರಿಸಿದಳು. ಬರಿದಾದ ಬೀದಿ ಹಿಡಿದವಳು, ಹಿಂದಿನವಳಿಗೋ ಅವಳ ಮನೆಯವರಿಗೋ ಬದುಕಿನಲ್ಲಿ ಒಂದು ಸಲವಾದರೂ ಬುಟ್ಟಿಯೊಳಗಿನ ದೊಡ್ಡ ಮೀನು ಕೊಡಬೇಕು, ಈ ಬೀದಿ ನಿನ್ನದಾಗಿತ್ತು ಎಂದು ಹೇಳಿ ಕೊಡಬೇಕು. ಅದು ಕೊಡದೆ ಹೋದರೆ ತನಗೆ ಬಾಕಿ ಉಳಿದ ಹಾಗೆ. ತಾನು ಎರಡು ಸಲ ನರಸೀಪುರಕ್ಕೆ ಹೋಗಿದ್ದೆ, ಆಕೆ ಊರು ಬಿಟ್ಟಿದ್ದಾಳೆ ಎಂದರು ಎಂದಳು. ನನಗೆ ಈ ಪದ್ಧತಿ ಗೊತ್ತಿತ್ತು. ಅಜ್ಜಿ ತನ್ನ ಇನ್ನೊಂದು ಬೀದಿ ಬಿಟ್ಟಾಗ ಹೀಗೆ ಬಂದ ಬಾಳೆ ಮೀನನ್ನು ಇಡೀ ಕೇರಿಗೆ ಹಂಚಿದ್ದಳಂತೆ, ಮಗುವಿನ ನಾಮಕರಣದ ಹಾಗೆ.

ಆಮೇಲೆ ಅವಳು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದಳು. "ಯಾಕ್ ಸಾ, ಆಯಮ್ಮ ನಿಮಗ್ ಗೊತ್ತಾ?" ಎಂದು ಕೇಳಿದಳು.

ಸುತ್ತ ಯಾರೂ ಇರಲಿಲ್ಲ. ಕಾಲೇಜಿನ ಹುಡುಗರಿಲ್ಲ, ಮನೆಯ ಯಜಮಾನರು ತೀರಿಕೊಂಡು ಆರು ವರ್ಷ. ನಗುವವರು ಒಬ್ಬರೂ ಇಲ್ಲದ, ಬಿಸಿಲಿನ್ನೂ ಏರದ ಬೀದಿ. ನನ್ನ ಕೈಯಲ್ಲಿ ಡಿಗ್ರಿಯಿದೆ, ಕೆಲಸವಿದೆ, ಆ ಶಬ್ದದ ಐನೂರು ವರ್ಷದ ಚರಿತ್ರೆಯಿದೆ.

"ಇಲ್ಲ," ಎಂದೆ.

ಹೇಗೆ ಬಂತು ಆ ಮಾತು ಎಂದು ಕೇಳಬೇಡಿ. ಯೋಚಿಸಿದ್ದರೆ ಬರುತ್ತಿರಲಿಲ್ಲ. ಅಭ್ಯಾಸವಾಗಿ ಹೋಗಿತ್ತು, ಅಷ್ಟೆ. ಕೆಲವರು ಮೇಲಧಿಕಾರಿ ಕಂಡರೆ ಕುರ್ಚಿಯಿಂದ ಏಳುವ ಹಾಗೆ. ಅವಳು ತಾಟು ಮುಚ್ಚಿ ನೀರು ಚಿಮುಕಿಸಿದಳು. ಹದಿನೇಳನೆಯ ಮನೆಯ ಕಡೆಯಿಂದ ಒಬ್ಬಳು ಪಾತ್ರೆ ಹಿಡಿದು ಬರುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಮನೆಗೆ ಬಂದಾಗ ಅವ್ವ ಜಗುಲಿಯಲ್ಲಿ ಕೂತಿದ್ದಳು. ಚೀಲ ಇಳಿಸಿದವನೇ ಹೇಳಿದೆ, ಆ ಬೀದಿಯಲ್ಲಿ ಈಗಲೂ ನಿನ್ನದೇ ಕೂಗು, ಕೊನೆಯ ಎಳೆಯೂ ಹಾಗೇ ಇದೆ ಎಂದು. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಯಿತು ಕೂಡ. ಕಣ್ಣು ಅಗಲವಾದವು. ಮೋರಿಯ ಯಾವ ಮಗ್ಗುಲಿಗೆ ನಿಲ್ಲುತ್ತಾಳೆ, ಬಿಸಿಲು ಬೆನ್ನಿಗೆ ಬೀಳುತ್ತದೆಯೇ ಮುಖಕ್ಕೆ ಬೀಳುತ್ತದೆಯೇ, ತಾಟು ಒದ್ದೆಯಿತ್ತೇ ಎಂದು ಒಂದೊಂದೇ ಕೇಳಿದಳು. ಅವಳನ್ನು ಮಾತಾಡಿಸಿದೆಯಾ ಎಂದು ಕೇಳಿದಳು. ಹೂಂ, ತುಂಬ ಹೊತ್ತು ಎಂದೆ.

ಅವ್ವ ನನ್ನ ಚೀಲದ ಕಡೆ ನೋಡಿದಳು. ಎದ್ದು ಬಂದು, ಬಾಯಿ ಬಿಚ್ಚಿ ಒಳಗೆ ನೋಡಿದಳು. ಇಲಾಖೆಯ ಕಾಗದ, ಒಂದು ಪಂಚೆ.

"ಮೀನೆಲ್ಲಿ?" ಎಂದಳು.

ಬಸ್ಸಿನ ಬಿಸಿಲಿಗೆ ಕೆಟ್ಟುಹೋಗುತ್ತದೆ ಎಂದು ತರಲಿಲ್ಲ ಎಂದೆ.

ಅವಳು ಚೀಲದ ಬಾಯಿಯನ್ನು ಮೊದಲಿದ್ದ ಹಾಗೇ ಕಟ್ಟಿದಳು. ಆ ಒಡೆದ ದನಿಯಲ್ಲಿ, ನನಗೆ ಮಾತ್ರ ಕೇಳಿಸುವಷ್ಟು, "ಕೆಟ್ಟೋಗಿದ್ರೂ ತರ್ಬೇಕಾಗಿತ್ತು ಕಣ್ಲಾ," ಎಂದಳು. "ಅದು ತಿನ್ನಾಕಲ್ಲ."